ತೆನೆಸಾಲಿನ ಹಾಸು: ಕೇರಿಗೆ ಬಂದ ಒಂದು ಚಿತ್ತಾರದ ಚರಿತ್ರೆ

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಈಗ ಪಂಚಾಯಿತಿ ಕಚೇರಿಯ ಮುಂದೆ, ಗುಡಿಯ ಸುತ್ತ, ಬಸ್ ನಿಲ್ದಾಣದ ಬಗಲಿಗೆ, ಎಷ್ಟೋ ಕೇರಿಗಳ ಓಣಿಯೊಳಗೂ ಕಾಲಡಿ ಒಂದೇ ಚಿತ್ತಾರ ಕಾಣುತ್ತದೆ. ಕೆಂಪು, ಬೂದು ಬಣ್ಣದ ಸಿಮೆಂಟ್ ಬಿಲ್ಲೆಗಳು ಹಲ್ಲಿಗೆ ಹಲ್ಲು ಕಚ್ಚಿಕೊಂಡು ಅಂಕುಡೊಂಕಾಗಿ ಸಾಲುಗಟ್ಟಿ ಹೋಗುತ್ತವೆ. ನಮ್ಮ ಜನ ಟೈಲ್ಸ್ ಅಂತಾರ, ಪೇವರ್ಸ್ ಅಂತಾರ. ಗುತ್ತೇದಾರರು ಇಂಟರ್‌ಲಾಕ್ ಅಂತಾರ.

ಇತಿಹಾಸವೆಂದರೆ ಅರಸರ ವಂಶಾವಳಿ, ಯುದ್ಧ, ಗುಡಿಗೋಪುರ ಎಂದು ನಮಗೆ ಶಾಲೆಯಲ್ಲಿ ಕಲಿಸಿದರು. ಕಾಲಡಿಯ ಹಾಸಿಗೆ ಇತಿಹಾಸ ಇಲ್ಲವೆ? ಇದೆ. ಹಾಸಿದವರು ಯಾರು, ಅದರ ಮೇಲೆ ಎದೆಯೆತ್ತಿ ನಡೆದವರು ಯಾರು, ಚಪ್ಪಲಿ ಕೈಯಲ್ಲಿ ಹಿಡಿದು ಅಂಚಿಗೆ ಸರಿದವರು ಯಾರು ಎಂಬ ಲೆಕ್ಕವೇ ಆ ಇತಿಹಾಸ. ಆ ಲೆಕ್ಕ ನಮಗೆ ಬೇಕು.

ಮಸ್ಕಿಯಿಂದಲೇ ಶುರು ಮಾಡೋಣ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಇಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕಂಡ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಇದ್ದ ಶಾಸನ ಮೊದಲು ಸಿಕ್ಕಿದ್ದು ಇಲ್ಲೇ. ಅದನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದೇ ಬಂಡೆಯ ಮೇಲೆ ಇನ್ನೊಂದು ಮಾತೂ ಇದೆ. ಮೇಲಿನದು ದೊಡ್ಡವರಿಗಷ್ಟೇ ಸಿಗುವುದೆಂದು ತಿಳಿಯಬೇಡಿ, ಧರ್ಮದಲ್ಲಿ ನಡೆದರೆ ಸಣ್ಣವನೂ ಅದನ್ನು ಮುಟ್ಟಬಲ್ಲ ಎಂಬ ಅರ್ಥದ ಮಾತು. ಎರಡು ಸಾವಿರ ವರ್ಷದ ಮೇಲಾಯಿತು. ಕಲ್ಲು ಹೇಳಿದ್ದನ್ನು ಊರು ಕೇಳಲಿಲ್ಲ.

1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯ ನೆಲ ಅಗೆದು ಹಳೆಯ ವಸತಿಗಳನ್ನು ಹೊರತೆಗೆದರು. ಇದೇ ಥಾಪರ್ 1960ರ ದಶಕದಲ್ಲಿ ಬಿ.ಬಿ. ಲಾಲ್ ಜೊತೆ ರಾಜಸ್ಥಾನದ ಕಾಲಿಬಂಗನ್‌ನಲ್ಲಿ ಸಿಂಧೂ ನಾಗರಿಕತೆಯ ಊರನ್ನು ಅಗೆದರು. ಅಲ್ಲಿ ಒಂದು ಮನೆಯಲ್ಲಿ ಸುಟ್ಟ ಮಣ್ಣಿನ ಬಿಲ್ಲೆ ಹಾಸಿದ ನೆಲ ಸಿಕ್ಕಿತು. ಬಿಲ್ಲೆಗಳ ಮೇಲೆ ಒಂದನ್ನೊಂದು ಕತ್ತರಿಸುವ ವೃತ್ತಗಳ ಚಿತ್ತಾರ. ನಾಲ್ಕು ಸಾವಿರ ವರ್ಷ ಹಿಂದಿನದು. ನಮ್ಮ ದೇಶದಲ್ಲಿ ಸಿಕ್ಕ ಅತಿ ಹಳೆಯ ಚಿತ್ತಾರದ ನೆಲಗಳಲ್ಲಿ ಅದೂ ಒಂದು. ಆದರೆ ಗಮನಿಸಬೇಕಾದ ಸಂಗತಿ ಬೇರೆ. ಆ ಊರಿನ ಉಳಿದ ಮನೆಗಳ ನೆಲ ಬಹುಪಾಲು ದಿಮ್ಮಸು ಹೊಡೆದ ಮಣ್ಣು. ಚಿತ್ತಾರ ಯಾರೋ ಒಬ್ಬರಿಗೆ, ಮಣ್ಣು ಉಳಿದವರಿಗೆ. ಹಾಸಿನ ಚರಿತ್ರೆ ಅಲ್ಲಿಂದಲೇ ಹೀಗೆ.

ನಮ್ಮ ಓಣಿಗೆ ಬಂದಿರುವ ಅಂಕುಡೊಂಕಿನ ಸಾಲು ಮಾತ್ರ ವೃತ್ತದ ಮನೆತನದ್ದಲ್ಲ. ಅದರ ಹಿರಿಯರು ರೋಮಿನಲ್ಲಿದ್ದಾರೆ. ರೋಮನ್ನರು ಸಣ್ಣ ಇಟ್ಟಿಗೆಗಳನ್ನು ಒಂದಕ್ಕೊಂದು ಮೂಲೆಗೊಟ್ಟು ಓರೆಯಾಗಿ ನಿಲ್ಲಿಸಿ ಹಾಸುತ್ತಿದ್ದರು. ಕ್ರಿಸ್ತಪೂರ್ವ ಒಂದನೇ ಶತಮಾನದ ವಿಟ್ರೂವಿಯಸ್ ತನ್ನ ಕಟ್ಟಡಶಾಸ್ತ್ರದಲ್ಲಿ ಈ ಹಾಸಿನ ಮಾತು ಎತ್ತಿದ್ದಾನೆ. ಇದರ ಹೆಸರು ಓಪುಸ್ ಸ್ಪಿಕಾಟಂ. ಸ್ಪಿಕಾ ಎಂದರೆ ತೆನೆ. ಗೋಧಿಯ ತೆನೆಯಲ್ಲಿ ಕಾಳು ಎಡಕ್ಕೊಂದು ಬಲಕ್ಕೊಂದು ಕೂತಿರುತ್ತದಲ್ಲ, ಹಾಗೆ. ಇಂಗ್ಲಿಷರು ಇದನ್ನೇ ಮೀನಿನ ಮುಳ್ಳು ಅಂದರು. ಜೋಳ, ಭತ್ತ ಬೆಳೆಯುವ ನಮಗೆ ತೆನೆಸಾಲು ಎಂಬುದೇ ಸರಿ.

ಇದನ್ನು ರೋಮಿನವರೇ ಕಲಿಸಬೇಕಾಗಿತ್ತು ಎಂದೇನಿಲ್ಲ. ನಮ್ಮ ಮೇದಾರರು ಬಿದಿರು ಸೀಳಿ ಹೆಣೆಯುವ ತಟ್ಟಿ ನೋಡಿ. ಎರಡು ಎಳೆ ಮೇಲೆ, ಎರಡು ಎಳೆ ಕೆಳಗೆ, ಮುಂದಿನ ಸಾಲಿಗೆ ಒಂದು ಎಳೆ ಸರಿಸಿ. ಅದೇ ಓರೆಸಾಲು, ಅದೇ ತೆನೆ. ಇಟ್ಟಿಗೆಯಲ್ಲಿ ಮಾಡಿದರೆ ವಾಸ್ತುಶಿಲ್ಪ, ಬಿದಿರಿನಲ್ಲಿ ಮಾಡಿದರೆ ಕುಲಕಸುಬು! ಒಂದಕ್ಕೆ ಪುಸ್ತಕ, ಇನ್ನೊಂದಕ್ಕೆ ಸಂತೆಯಲ್ಲಿ ಚೌಕಾಸಿ.

ಈ ತೆನೆಸಾಲು ಬರುವ ಮುಂಚೆ ನಮ್ಮ ಸೀಮೆಯ ಹಾಸು ಎಂದರೆ ಫರಸಿ. ಭೀಮಾ ಸೀಮೆಯ ಶಹಾಬಾದ್ ಕಡೆಯ ಸುಣ್ಣಕಲ್ಲು ಪದರು ಪದರಾಗಿ ಏಳುತ್ತದೆ. ಕತ್ತರಿಸಿ ಚೌಕ ಮಾಡಿದರೆ ನೆಲಕ್ಕೆ ತಂಪು. ರಾಯಚೂರು ಸೀಮೆ ಆಗ ನಿಜಾಮನ ಆಳ್ವಿಕೆಯಲ್ಲಿತ್ತು. 1871ರಲ್ಲಿ ಮುಂಬಯಿ ಕಡೆಯ ರೈಲು ಹಳಿ, ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದ ಮೇಲೆ ಆ ಕಲ್ಲಿಗೆ ದೂರದ ದಾರಿ ತೆರೆಯಿತು. ದೇಸಾಯಿ, ಗೌಡರ ಪಡಸಾಲೆಗೆ ಫರಸಿ ಬಂತು, ಗುಡಿಯ ಅಂಗಳಕ್ಕೆ ಬಂತು, ಮಠಕ್ಕೆ ಬಂತು. ಕೇರಿಗೆ ಬರಲಿಲ್ಲ. ಕೇರಿಯ ನೆಲ ಸಗಣಿ ಸಾರಿಸಿದ ಮಣ್ಣೇ. ಮಳೆ ಬಂದರೆ ಕೆಸರು.

ಬಂಡೆ ಎಬ್ಬಿಸಿ, ಒಡೆದು, ಹೊತ್ತು ತಂದವರು ಒಡ್ಡರು. ಸುಣ್ಣ ಅರೆದವರು, ಮಣ್ಣು ಹೊತ್ತವರು ನಮ್ಮ ಅವ್ವಂದಿರು. ಹಾಸುವ ತನಕ ಇವರ ಕೈ ಬೇಕು. ಹಾಸಿದ ಮರುದಿನ ಪುಣ್ಯಾಹ ಮಾಡಿಸಿ ಇವರನ್ನೇ ಹೊರಗೆ ನಿಲ್ಲಿಸುವುದು! ಕಲ್ಲು ಹಾಸೂ ತನಕ ನಾವು ಬೇಕು, ಹಾಸಿದ ಮ್ಯಾಲ ನಮ್ಮ ಪಾದ ಬ್ಯಾಡ ಅಂದ್ರ ಇದು ಯಾವ ನ್ಯಾಯ? ಕಲ್ಲಿಗೆ ಇಲ್ಲದ ಮೈಲಿಗೆ ಕಾಲಿಗೆ ಎಲ್ಲಿಂದ ಬಂತು?

ಹಾಸಿದ ದಾರಿಯ ಮೇಲೆ ಕಾಲಿಡುವ ಹಕ್ಕಿಗಾಗಿಯೇ ಈ ದೇಶದಲ್ಲಿ ಹೋರಾಟ ನಡೆದಿದೆ. 1924ರಲ್ಲಿ ಕೇರಳದ ವೈಕಂನಲ್ಲಿ ಸತ್ಯಾಗ್ರಹ ಶುರುವಾದದ್ದು ಗುಡಿಯೊಳಗೆ ಹೋಗಲು ಅಲ್ಲ, ಗುಡಿಯ ಸುತ್ತಲಿನ ರಸ್ತೆಯಲ್ಲಿ ನಡೆಯಲು. ದನ ನಡೆಯಬಹುದಾದ ರಸ್ತೆ ಮನುಷ್ಯನಿಗೆ ಮುಚ್ಚಿತ್ತು. 1925ರಲ್ಲಿ ಮೂರು ದಿಕ್ಕಿನ ರಸ್ತೆ ತೆರೆಯಿತು, ಒಂದು ದಿಕ್ಕು ಮುಚ್ಚಿಯೇ ಉಳಿಯಿತು. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಕೆರೆಯ ನೀರು ಮುಟ್ಟಿದರು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಅಳಿಸಿತು. ಕಾನೂನಿನಲ್ಲಿ ರಸ್ತೆ ಎಲ್ಲರದೂ ಆಯಿತು. ಆದರೆ ಎಲ್ಲರದೂ ಆದ ರಸ್ತೆ ಕೇರಿಯ ಬಾಯಿಗೆ ಬಂದು ನಿಂತುಬಿಡುತ್ತಿತ್ತು.

ಈಗ ಸಿಮೆಂಟಿನ ಕಥೆಗೆ ಬರೋಣ. ಹಾಲೆಂಡಿನ ಊರುಗಳಲ್ಲಿ ಬೀದಿಗೆ ಇಟ್ಟಿಗೆ ಹಾಸುವುದು ಹಳೆಯ ಪದ್ಧತಿ. ಎರಡನೇ ಮಹಾಯುದ್ಧದಲ್ಲಿ ಊರುಗಳು ನೆಲಸಮವಾಗಿ ಇಟ್ಟಿಗೆಗೆ ಬರ ಬಂತು. ಅದೇ ಅಳತೆಯಲ್ಲಿ ಕಾಂಕ್ರೀಟಿನ ಇಟ್ಟಿಗೆ ಎರಕ ಹೊಯ್ದರು. 1960ರ ದಶಕದಲ್ಲಿ ಜರ್ಮನಿಯ ಫ್ರಿಟ್ಸ್ ಫಾನ್ ಲಾಂಗ್ಸ್‌ಡಾರ್ಫ್ ಎಂಬಾತ ಆ ಇಟ್ಟಿಗೆಯ ನೇರ ಬದಿಗಳಿಗೆ ಹಲ್ಲು ಕೊಟ್ಟ. ಒಂದು ಬದಿಯಲ್ಲಿ ತಗ್ಗು ಮಾಡಿದಷ್ಟನ್ನೇ ಎದುರು ಬದಿಯಲ್ಲಿ ಉಬ್ಬಿಸಿದರೆ ಬಿಲ್ಲೆ ಬಿಲ್ಲೆಗೆ ಸಂದಿಲ್ಲದಂತೆ ಕೂಡುತ್ತದೆ. ಹಲ್ಲಿಗೆ ಹಲ್ಲು ಕೂತ ಮೇಲೆ ಒಂದು ಸರಿಯಲು ಇನ್ನೊಂದು ಬಿಡುವುದಿಲ್ಲ. ರೋಮಿನ ತೆನೆ ಹೀಗೆ ಹಲ್ಲು ಮೂಡಿಸಿಕೊಂಡು ಲೋಕವೆಲ್ಲ ಸುತ್ತಿತು. ನಮ್ಮಲ್ಲಿ 2004ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಈ ಹಾಸಿಗೆ ಮಾರ್ಗಸೂಚಿ ಕೊಟ್ಟಿತು. 2006ರಲ್ಲಿ ಐ.ಎಸ್. 15658 ಎಂಬ ಮಾನಕ ಬಂತು. ಕಾಲ್ನಡಿಗೆಗೆ 50 ಮಿಲಿಮೀಟರ್, ಹಗುರ ವಾಹನಕ್ಕೆ 60, ಭಾರ ಹೆಚ್ಚಿದಂತೆ 80, 100 ಎಂದು ಅದರಲ್ಲಿ ಬಿಲ್ಲೆಯ ದಪ್ಪ ಹೇಳಲಾಗಿತ್ತು.

ಫರಸಿ ಆಗುತ್ತಿದ್ದ ಸುಣ್ಣಕಲ್ಲೇ ಸುಟ್ಟರೆ ಸಿಮೆಂಟ್ ಆಗುತ್ತದೆ. ಶಹಾಬಾದಿನ ಪಕ್ಕದ ವಾಡಿಯಲ್ಲಿ 1968ರಿಂದ ಸಿಮೆಂಟ್ ಕಾರ್ಖಾನೆ ಇದೆ. ಇಡಿಯಾಗಿದ್ದಾಗ ಗೌಡರ ಪಡಸಾಲೆ ಸೇರುತ್ತಿದ್ದ ಜಾತಿಯ ಕಲ್ಲು ಪುಡಿಯಾದ ಮೇಲೆ ಬಿಲ್ಲೆಯಾಗಿ ಕೇರಿಯ ಓಣಿಗೆ ಬಂತು ಅನ್ನಬೇಕು.

ಬಂತು ನಿಜ. ಹೇಗೆ ಬಂತು?

ಈ ಹಾಸು ನಿಲ್ಲುವ ಗುಟ್ಟು ಬಿಲ್ಲೆಯಲ್ಲಷ್ಟೇ ಇಲ್ಲ. ಕೆಳಗೆ ಗರಸು, ಜಲ್ಲಿ ಹಾಕಿ ರೋಲರ್ ಹೊಡೆಯಬೇಕು. ಅದರ ಮೇಲೆ ಎರಡು ಮೂರು ಸೆಂಟಿಮೀಟರ್ ಉಸುಕು ಹಾಸಬೇಕು. ಅದರ ಮೇಲೆ ಬಿಲ್ಲೆ, ಬಿಲ್ಲೆಯ ಸಂದಿಗೆ ಸಣ್ಣ ಉಸುಕು. ಟ್ರ್ಯಾಕ್ಟರ್ ಗಾಲಿ ಒಂದು ಬಿಲ್ಲೆ ಮೇಲೆ ಏರಿದರೆ ಸಂದಿಯ ಉಸುಕಿನ ಮೂಲಕ ಆ ಭಾರ ನೆರೆಯ ಬಿಲ್ಲೆಗಳಿಗೆ ಹಂಚಿಹೋಗುತ್ತದೆ. ನೇರ ಸಾಲಿನಲ್ಲಿ ಹಾಸಿದರೆ ಗಾಲಿಯ ನೂಕು ಒಂದೇ ಸಂದಿ ಹಿಡಿದು ಓಡುತ್ತದೆ. ತೆನೆಸಾಲಿನಲ್ಲಿ ಹೆಜ್ಜೆಗೊಂದು ಕಡೆ ಸಂದಿ ತಿರುಗುವುದರಿಂದ ನೂಕು ಚದುರುತ್ತದೆ. ಇವೆಲ್ಲಕ್ಕಿಂತ ಮುಖ್ಯ ಅಂಚುಗಲ್ಲು. ಎರಡೂ ಬದಿಗೆ ಗಟ್ಟಿಯಾದ ಅಂಚುಗಲ್ಲು ಹೂಳದಿದ್ದರೆ ಕಡೆಯ ಬಿಲ್ಲೆ ಹೊರಗೆ ಸರಿಯುತ್ತದೆ. ಕಡೆಯದು ಸರಿದರೆ ಅದರ ಹಿಂದಿನದು ಸಡಿಲ. ಆಮೇಲೆ ನಡು ಓಣಿಯೂ ಕುಸಿಯುತ್ತದೆ.

ಸಿಂಧನೂರು ಸೀಮೆಯಲ್ಲಿ ಇನ್ನೊಂದು ತೊಡಕು. ಇಲ್ಲಿನದು ಬಹುಪಾಲು ಎರೆ ಭೂಮಿ. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಬಾಯಿಬಿಡುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದು ಭತ್ತದ ಗದ್ದೆಗಳಾದ ಮೇಲೆ ತಗ್ಗಿನಲ್ಲಿ ತೇವ ಆರುವುದೇ ಕಷ್ಟ. ಊರಿನ ತಗ್ಗಿನಲ್ಲಿ ಇರುವುದು ಯಾವುದು? ಹೆಚ್ಚಾಗಿ ಕೇರಿಯೇ. ಊರ ಮೇಲಿನ ಗಟಾರದ ನೀರು ಹರಿದು ಬರುವುದೂ ಅಲ್ಲಿಗೇ. ಅಂದಮೇಲೆ ಹೆಚ್ಚು ಗರಸು, ಹೆಚ್ಚು ಗಟ್ಟಿ ಅಂಚು ಬೇಕಾಗಿರುವುದು ಕೇರಿಗೆ. ಆದರೆ ನಾವು ಎಷ್ಟೋ ಕೇರಿಗಳಲ್ಲಿ ಕಂಡದ್ದು ಬೇರೆ: ಎರೆ ಮಣ್ಣಿನ ಮೇಲೆ ತೆಳ್ಳಗೆ ಉಸುಕು ಚೆಲ್ಲಿ, ಬಿಲ್ಲೆ ಜೋಡಿಸಿ, ಫೋಟೋ ಹೊಡೆಸಿಕೊಂಡು, ಬಿಲ್ ಎತ್ತಿ ಹೋಗುವುದು. ಎರಡು ಮಳೆಗಾಲಕ್ಕೆ ಓಣಿ ಮುದುಕನ ಬಾಯಿ ಆಗುತ್ತದೆ. ಆಮೇಲೆ ಊರಿನವರೇ ಮಾತು ತೆಗೆಯುತ್ತಾರೆ: 'ಇವ್ರಿಗೆ ಏನ್ ಹಾಕಿಕೊಟ್ರೂ ಉಳಸ್ಕೊಳ್ಳಾಂಗಿಲ್ಲ ಬಿಡ್ರಿ.' ಗುತ್ತೇದಾರ ಕದ್ದ ಗರಸಿನ ಪಾಪವೂ ನಮ್ಮ ತಲೆಗೇ!

ಇದು ಯಾರ ಧರ್ಮದ ದುಡ್ಡೂ ಅಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಜನಸಂಖ್ಯೆಗೆ ತಕ್ಕ ಪಾಲು ಹಣ ತೆಗೆದಿಡಬೇಕೆಂದು ಕರ್ನಾಟಕ 2013ರಲ್ಲಿ ಕಾಯ್ದೆ ಮಾಡಿತು. ಎಲ್ಲರಿಗೂ ಮಾಡಿದ ಕೆಲಸದ ಖರ್ಚನ್ನೂ ನಮ್ಮ ಲೆಕ್ಕಕ್ಕೆ ಬರೆಯಲು ದಾರಿಯಾಗಿದ್ದ ಅದರ 7ಡಿ ಕಲಮನ್ನು ಕೂಗೆದ್ದು ಕೂಗೆದ್ದು 2023ರಲ್ಲಿ ತೆಗೆಸಲಾಯಿತು. ಭೂಮಿ, ವಿದ್ಯೆ, ಉದ್ಯೋಗಕ್ಕೆ ಹೋಗಬೇಕಾದ ಹಣ ಓಣಿಗೇ ಸುರಿಯುವುದು ಸರಿಯೇ ಎಂಬ ಪ್ರಶ್ನೆಯೂ ಇದೆ. ಆದರೆ ಓಣಿಗೆ ಬಂದದ್ದಾದರೂ ಓಣಿಯಲ್ಲಿ ನಿಲ್ಲಬೇಕಲ್ಲ!

ಆದ್ದರಿಂದ ಗೆಳೆಯರೆ, ಕೇರಿಗೆ ಬಿಲ್ಲೆ ಹಾಸಲು ಬಂದಾಗ ಹಲಗಿ ಬಡಿದು ಹಾರ ಹಾಕಿ ಸುಮ್ಮನೆ ಕೂಡಬೇಡಿ. ಎಸ್ಟಿಮೇಟ್ ಪ್ರತಿ ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಅರ್ಜಿ ಗುಜರಾಯಿಸಿ. ಗರಸು ಎಷ್ಟು ಎಂದು ಬರೆದಿದೆ, ಎಷ್ಟು ಬಿದ್ದಿದೆ, ಗೇಣು ಹಾಕಿ ನೋಡಿ. ಬಿಲ್ಲೆಯ ದಪ್ಪ ಸ್ಕೇಲಿನಿಂದ ಅಳೆಯಿರಿ. ಅಂಚುಗಲ್ಲು ಎಲ್ಲಿ ಎಂದು ಕೇಳಿ. ಕಲ್ಲು ಒಡೆದವರು, ಗಾರೆ ಕಲಸಿದವರು, ತಟ್ಟಿ ಹೆಣೆದವರು ನಾವು. ಹಾಸು ಹೇಗೆ ನಿಲ್ಲುತ್ತದೆಂದು ನಮಗೆ ಯಾರೂ ಕಲಿಸಿಕೊಡಬೇಕಿಲ್ಲ.

ಈ ಬಿಲ್ಲೆಯ ಒಂದು ಒಳ್ಳೆಯ ಗುಣ ಏನೆಂದರೆ, ಸಿ.ಸಿ. ರಸ್ತೆಯ ಹಾಗಲ್ಲ, ಕಿತ್ತು ಮತ್ತೆ ಕೂಡಿಸಬಹುದು. ಕೆಲಸ ಮುಗಿಯಿತೆಂದು ಸಹಿ ಕೇಳಲು ಬಂದ ದಿನ, ಅವರ ಎದುರಿಗೇ ಅಂಚಿನ ಒಂದು ಬಿಲ್ಲೆ ಎಬ್ಬಿಸಿ ಕೆಳಗೆ ಏನಿದೆ ನೋಡಿ. ಗರಸು ಕಂಡರೆ ಸಹಿ. ಎರೆ ಮಣ್ಣು ಕಂಡರೆ ಸಹಿ ಇಲ್ಲ.