ಕಡಲ ಮೇಲಣ ಹಾರಾಟ: ನಿರ್ಧಾರ ಯಾರದು?

ಜುಹೂ ವಿಮಾನ ನೆಲೆಯಿಂದ ಪಡುವಣಕ್ಕೆ ಹಾರಿಹೋಗುವ ಹೆಲಿಕಾಪ್ಟರುಗಳನ್ನು ಮುಂಬಯಿವಾಸಿಗಳಾದ ನಾವು ಎಷ್ಟೋ ಸಲ ಕಂಡಿದ್ದೇವೆ. 1974ರಲ್ಲಿ ತೈಲ ದೊರೆತ ಬಾಂಬೆ ಹೈ ಕ್ಷೇತ್ರವು ಕರಾವಳಿಯಿಂದ ಸುಮಾರು 160 ಕಿಲೋಮೀಟರು ದೂರದ ಕಡಲಿನಲ್ಲಿದೆ. ಅಲ್ಲಿಯ ಕೆಲಸಗಾರರ ಸಂಚಾರಕ್ಕೆ ಈ ಯಂತ್ರಗಳೇ ಮುಖ್ಯ ಆಧಾರ. ಹವೆ ಕೆಟ್ಟ ದಿನ ಇಂಥ ಹಾರಾಟವನ್ನು ತಡೆಯತಕ್ಕವರು ಯಾರು? ಈ ಪ್ರಶ್ನೆಯ ಇತಿಹಾಸವನ್ನು ತಿಳಿಯಲು ಬ್ರಿಟನ್ನಿನ ಉತ್ತರದ ಕಡಲಿನತ್ತ ನೋಡಬೇಕಾಗುತ್ತದೆ.

1992ರ ಮಾರ್ಚ್ 14ರ ರಾತ್ರಿ ಶೆಟ್ಲೆಂಡ್ ದ್ವೀಪಗಳ ಈಶಾನ್ಯಕ್ಕಿರುವ ಕಾರ್ಮೊರಂಟ್ ಆಲ್ಫಾ ತೈಲವೇದಿಕೆಯಿಂದ ಸೂಪರ್ ಪ್ಯೂಮಾ ಹೆಲಿಕಾಪ್ಟರೊಂದು ಮೇಲೆದ್ದಿತು. ಅದು ಹೋಗಬೇಕಾಗಿದ್ದುದು ಸುಮಾರು 200 ಮೀಟರು ಆಚೆಗಿದ್ದ ತೇಲುವ ವಸತಿಗೃಹಕ್ಕೆ. ಬಿರುಗಾಳಿ ಬೀಸುತ್ತಿತ್ತು, ಹಿಮ ಸುರಿಯುತ್ತಿತ್ತು. ಒಂದು ನಿಮಿಷ ತುಂಬುವ ಮೊದಲೇ ಯಂತ್ರ ಕಡಲಿಗೆ ಬಿತ್ತು. ಅದರಲ್ಲಿದ್ದ 17 ಜನರಲ್ಲಿ 11 ಮಂದಿ ಮಡಿದರು. ಯಂತ್ರದಿಂದ ಹೊರಬಂದವರಲ್ಲಿಯೂ ಕೆಲವರು ರಕ್ಷಣೆ ದೊರೆಯುವ ಮೊದಲೇ ತಣ್ಣೀರಿನಲ್ಲಿ ಅಸುನೀಗಿದರು.

ಗಾಳಿಯನ್ನು ಬೆನ್ನಿಗೆ ಮಾಡಿ ತಿರುಗಿದಾಗ ಯಂತ್ರದ ವಾಯುವೇಗ ಕುಗ್ಗಿದುದನ್ನು ಚಾಲಕರು ಸಕಾಲದಲ್ಲಿ ಗುರುತಿಸಲಿಲ್ಲವೆಂದು ತನಿಖೆಯಿಂದ ಹೊರಬಿತ್ತು. ಆದರೆ ಇಷ್ಟಕ್ಕೇ ವಿಷಯ ಮುಗಿಯಲಿಲ್ಲ. ಕೆಲಸ ಮುಗಿಸಿದವರನ್ನು ಹಾಸಿಗೆಗೆ ತಲುಪಿಸುವುದಕ್ಕಾಗಿ ಅಂಥ ರಾತ್ರಿ ಹಾರುವುದು ಅಗತ್ಯವಾಗಿತ್ತೆ? “ಯಂತ್ರ ಹಾರಬಲ್ಲುದೆ?” ಎಂಬುದರ ಜೊತೆಗೆ “ಬಿದ್ದರೆ ಜನರನ್ನು ಎತ್ತಿಕೊಳ್ಳಬಹುದೆ?” ಎಂಬ ಪ್ರಶ್ನೆಯೂ ಎದ್ದಿತು.

ಹೆಲಿಕಾಪ್ಟರು ಸಂಸ್ಥೆಗೆ ತೈಲ ಸಂಸ್ಥೆಯೇ ಗಿರಾಕಿ. “ಇಂದು ಬೇಡ” ಎನ್ನುವ ಚಾಲಕನು ಗಿರಾಕಿಯ ಕೆಲಸವನ್ನು ನಿಲ್ಲಿಸಿದಂತಾಗುತ್ತದೆ. ಯಾರೂ ಗದರಿಸಬೇಕಾಗಿಲ್ಲ, ಕಾಯುತ್ತಿರುವವರ ಮುಖಗಳೇ ಸಾಕು. ಬ್ಯಾಂಕಿನಲ್ಲಿ ದುಡಿಯುವ ನನಗೆ ಇದು ಅಪರಿಚಿತವಲ್ಲ. ವ್ಯವಹಾರ ತರುವವನ ಕೈಗೇ ಸಾಲ ಮಂಜೂರು ಮಾಡುವ ಅಧಿಕಾರವನ್ನೂ ಕೊಡಬಾರದೆಂಬುದು ನಮ್ಮ ವೃತ್ತಿಯ ಹಳೆಯ ಪಾಠ.

2013ರ ಆಗಸ್ಟ್ 23ರಂದು ಶೆಟ್ಲೆಂಡಿನ ಸಂಬರೋ ಬಳಿ ಮತ್ತೊಂದು ಸೂಪರ್ ಪ್ಯೂಮಾ ಬಿದ್ದು ನಾಲ್ವರು ತೀರಿಕೊಂಡರು. ಆ ಬಳಿಕ ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರವು 2014ರ ಜೂನ್ 1ರಿಂದ ಜಾರಿಗೆ ಬರುವಂತೆ ಒಂದು ಮಿತಿಯನ್ನು ವಿಧಿಸಿತು: ಕಡಲಿನ ಸ್ಥಿತಿ 6ನೆಯ ದರ್ಜೆಯನ್ನು, ಅಂದರೆ 4ರಿಂದ 6 ಮೀಟರು ಎತ್ತರದ ಅಲೆಗಳ ದರ್ಜೆಯನ್ನು, ಮೀರಿದರೆ ತುರ್ತು ಕಾರ್ಯವನ್ನುಳಿದು ಹಾರಾಟ ಕೂಡದು.

ಈ ಅಂಕಿಯ ಮಹತ್ವವು ಅದರ ನಿಷ್ಠುರತೆಯಲ್ಲಿಯೇ ಇದೆ. ಒಬ್ಬ ಮನುಷ್ಯನ ಧೈರ್ಯಕ್ಕೆ ಬಿಟ್ಟಿದ್ದ “ಇಲ್ಲ” ಎಂಬ ಮಾತನ್ನು ಅದು ಕಾಗದದ ಮೇಲೆ ಮೊದಲೇ ಬರೆದಿಟ್ಟಿತು. ಅಲೆಯ ಎತ್ತರದೊಡನೆ ಯಾವ ಗಿರಾಕಿಯೂ ಚೌಕಾಸಿ ಮಾಡಲಾರನು.