ನನ್ನ ಹಳೇ ಮಾಲಿಬು ಮತ್ತು ಅದರ ವಂಶ (ಕಂತು 7)

"ಅಮೆರಿಕದಲ್ಲಿದ್ದೂ ಇನ್ನೂ ಅದೇ ಹಳೇ ಕಾರಾ?" ಅಂತ ಚಿಕ್ಕಪ್ಪ ಕೇಳಿದ್ರು. ಉತ್ತರ ಸ್ವಲ್ಪ ಉದ್ದ ಇದೆ ಚಿಕ್ಕಪ್ಪ, ಅದಕ್ಕೆ ಇಲ್ಲೇ ಬರೀತೀನಿ.

ಮಾಲಿಬು ಅನ್ನೋದು 1964ರಲ್ಲಿ ಷೆವ್ರೊಲೆಯವರ ಷೆವೆಲ್ ಕಾರಿನ ದುಬಾರಿ ಆವೃತ್ತಿಗೆ ಇಟ್ಟ ಹೆಸರು. 1978ರ ಹೊತ್ತಿಗೆ ಅದೇ ಬೇರೆ ಮಾಡೆಲ್ ಆಯ್ತು, 1983ಕ್ಕೆ ನಿಂತಿತು, 1997ರಲ್ಲಿ ಮತ್ತೆ ಬಂತು. 2024ರ ನವೆಂಬರ್‌ನಲ್ಲಿ ಕಾನ್ಸಾಸ್‌ನ ಫೇರ್‌ಫ್ಯಾಕ್ಸ್ ಕಾರ್ಖಾನೆಯಲ್ಲಿ ಅದರ ತಯಾರಿಕೆ ಮುಗೀತು. ಷೆವ್ರೊಲೆ ಇಲ್ಲಿ ಮಾರುತ್ತಿದ್ದ ಕೊನೆಯ ಸೆಡಾನ್ ಅದು.

ಫೋರ್ಡ್ ಟಾರಸ್ ಕಥೆಯೂ ಹಾಗೇ. 1992ರಿಂದ 1996ರವರೆಗೆ ಇಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಅದು. 1997ರಲ್ಲಿ ಟೊಯೊಟಾ ಕ್ಯಾಮ್ರಿ ಮೊದಲ ಸ್ಥಾನಕ್ಕೆ ಬಂತು. 2019ರಲ್ಲಿ ಇಲ್ಲಿ ಟಾರಸ್ ತಯಾರಿಕೆಯೇ ನಿಂತಿತು.

ಯಾಕೆ ಹೀಗಾಯ್ತು? ತೈಲ ಬಿಕ್ಕಟ್ಟಿನ ನಂತರ 1975ರಲ್ಲಿ ಮೈಲೇಜ್ ಕಾನೂನು ಬಂತು. ಅದರಡಿ ಕಾರುಗಳಿಗೆ ಬಿಗಿ ನಿಯಮ, ಸಣ್ಣ ಟ್ರಕ್‌ಗಳಿಗೆ ಸಡಿಲ. ಎಷ್ಟೋ ಎಸ್‌ಯುವಿಗಳು ಲೆಕ್ಕದಲ್ಲಿ ಟ್ರಕ್ಕೇ! ಅವುಗಳಲ್ಲಿ ಲಾಭವೂ ಜಾಸ್ತಿ. ಜನರೂ ಎತ್ತರದ ಗಾಡಿ ಕಡೆ ವಾಲಿದ್ರು.

ಕಷ್ಟ ಆಗೋದು ಕಡಿಮೆ ಸಂಬಳದವರಿಗೆ. ನಮ್ಮ ವಾರ್ಡಿನ ಸಹಾಯಕಿಯರು ನೈಟ್ ಶಿಫ್ಟ್ ಮುಗಿಸೋ ಹೊತ್ತಿಗೆ ಬಸ್ ಇರಲ್ಲ. ಅವರು ಕೊಳ್ಳೋದು ಸೆಕೆಂಡ್ ಹ್ಯಾಂಡ್ ಸೆಡಾನ್. ಹೊಸದು ತಯಾರಾಗದಿದ್ರೆ ನಾಳೆ ಹಳೇದು ಎಲ್ಲಿಂದ ಬರಬೇಕು?

ಸದ್ಯಕ್ಕೆ ನನ್ನ ಗಾಡಿಗೆ ಬಿಡಿಭಾಗ ಸಲೀಸಾಗಿ ಸಿಗುತ್ತೆ. ಹೊತ್ತಿಗೆ ಸರಿಯಾಗಿ ಆಯಿಲ್, ಬ್ರೇಕ್, ಟೈರ್ ನೋಡಿಸ್ತೀನಿ. ಓಡೋವರೆಗೂ ಓಡಿಸೋದೇ ಚಿಕ್ಕಪ್ಪ.