ಹಾಲು ಹುಡುಕುವಾಗ ಪಾಲನ್ನು ಬಿಟ್ಟರೆ

‘ಹಾಲು’ ಎಂಬ ಪದದ ಚರಿತ್ರೆ ತಿಳಿಯಲು ಹೊರಟವರು ಹಳೆಯ ಕಾವ್ಯಗಳಲ್ಲೆಲ್ಲ ‘ಹಾಲು’ ಎಂದೇ ಹುಡುಕಿದರೆ, ಹತ್ತನೆಯ ಶತಮಾನದ ಕನ್ನಡಿಗರು ಹಾಲನ್ನೇ ಕಂಡಿರಲಿಲ್ಲ ಎಂಬ ತೀರ್ಮಾನಕ್ಕೆ ಬರಬೇಕಾದೀತು. ಪಂಪನ ಕಾಲಕ್ಕೆ ಅದು ‘ಪಾಲ್’. ಪಕಾರ ಹಕಾರವಾದದ್ದು ಆಮೇಲಿನ ಮಾತು. ‘ಕೂಳು’ ಎಂಬ ಪದವೂ ಹಾಗೆಯೇ. ಇಂದು ಬೈಗುಳದಂತೆ ಕೇಳಿಸುವ ಈ ಮಾತು ಹಳಗನ್ನಡದಲ್ಲಿ ಮರ್ಯಾದೆಯ ಅನ್ನವೇ ಆಗಿತ್ತು. ಬರೆಯುತ್ತಿದ್ದುದು ಈಗ ಬಳಕೆಯಲ್ಲಿಲ್ಲದ ‘ೞ’ ಅಕ್ಷರದಲ್ಲಿ. ಏನನ್ನು ಹುಡುಕಬೇಕು, ಯಾವ ಯಾವ ರೂಪದಲ್ಲಿ ಹುಡುಕಬೇಕು ಎಂಬುದನ್ನು ಮೊದಲೇ ನಿರ್ಧರಿಸದಿದ್ದರೆ ಹುಡುಕಾಟವೇ ದಾರಿ ತಪ್ಪಿಸುತ್ತದೆ.

ಈ ಪಾಠವನ್ನು ಬೆಂಗಳೂರಿನಲ್ಲಿ ದಶಕಗಳ ಕಾಲ ಅಭ್ಯಾಸ ಮಾಡಿದ ಸ್ಥಳ ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯಲ್ಲಿದೆ. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತು ಕೈಗೆತ್ತಿಕೊಂಡ ಕನ್ನಡ–ಕನ್ನಡ ನಿಘಂಟಿನ ಮೊದಲ ಸಂಪುಟ ಹೊರಬಂದದ್ದು 1970ರಲ್ಲಿ, ಎಂಟನೆಯ ಮತ್ತು ಕೊನೆಯ ಸಂಪುಟ 1995ರಲ್ಲಿ. ಸಂಪುಟಗಳ ನಡುವೆಯೇ ಕಾಲು ಶತಮಾನ ಸಂದಿತು. ಅದಕ್ಕೂ ಹಿಂದಿನ ಸಿದ್ಧತೆಯ ವರ್ಷಗಳು ಬೇರೆ. ಬಸವನಗುಡಿಯ ವಿಜಯಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಪ್ರೊ. ಜಿ. ವೆಂಕಟಸುಬ್ಬಯ್ಯ (1913–2021) ಅವರ ಹೆಸರು ಈ ಕೆಲಸದೊಂದಿಗೆ ಬೆಸೆದುಕೊಂಡಿದೆ. ಅವರೊಂದಿಗೆ ದುಡಿದವರು ಅನೇಕರು.

ಕೆಲಸದ ಕ್ರಮ ಕೇಳಲು ಸರಳ. ಶಾಸನಗಳನ್ನೂ ಕಾವ್ಯಗಳನ್ನೂ ಓದುವುದು, ಪದವನ್ನು ಅದು ಬಂದ ವಾಕ್ಯದ ಸಮೇತ ಚೀಟಿಯಲ್ಲಿ ಬರೆಯುವುದು, ಯಾವ ಕೃತಿ, ಯಾವ ಪದ್ಯ ಎಂದು ಗುರುತು ಹಾಕುವುದು. ಆಮೇಲೆ ಒಂದೇ ಪದದ ಚೀಟಿಗಳನ್ನೆಲ್ಲ ಹರಡಿಕೊಂಡು ಇವು ಒಂದೇ ಅರ್ಥವೋ, ಮೂರೋ, ಐದೋ ಎಂದು ವಿಂಗಡಿಸುವುದು. ತಲೆಬಿಸಿ ಇರುವುದು ಇಲ್ಲಿಯೇ. ಮರಗಳ ‘ಕಾಡು’ ಬೇರೆ, ಪೀಡಿಸುವ ‘ಕಾಡು’ ಬೇರೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಎರಡು ಪ್ರಯೋಗಗಳ ನಡುವೆ ಕೂದಲೆಳೆಯ ವ್ಯತ್ಯಾಸವಿದ್ದಾಗ ಕೂಡಿಸಬೇಕೋ ಬೇರ್ಪಡಿಸಬೇಕೋ? ನಿರ್ಧಾರ ಏನೇ ಇರಲಿ, ಪ್ರಯೋಗದ ವಾಕ್ಯವನ್ನು ಅರ್ಥದ ಕೆಳಗೇ ಕೊಟ್ಟುಬಿಟ್ಟಿದ್ದು ಈ ನಿಘಂಟಿನ ದೊಡ್ಡತನ. ಸಂಪಾದಕರನ್ನು ನಂಬದವರು ತಾವೇ ಓದಿ ನೋಡಬಹುದು.

ಇಷ್ಟೆಲ್ಲ ಪೀಠಿಕೆಗೆ ಕಾರಣವುಂಟು. ಇಂದು ಸಮಾಜಶಾಸ್ತ್ರ, ಶಿಕ್ಷಣ, ಆರೋಗ್ಯ ವಿಷಯಗಳಲ್ಲಿ ಪಿಎಚ್.ಡಿ.ಗೆ ಸೇರುವ ವಿದ್ಯಾರ್ಥಿ ಕಲಿಯಬೇಕಾಗಿ ಬಂದಿರುವ ಹೊಸ ವಿದ್ಯೆಯೊಂದು ಇದೇ ಚೀಟಿಕೆಲಸದ ಸೋದರಸಂಬಂಧಿ. ಗುಣಾತ್ಮಕ ಸಂಶೋಧನೆಗಳ ಕ್ರಮಬದ್ಧ ಪರಾಮರ್ಶೆ ಎಂದು ಅದನ್ನು ಕರೆಯಬಹುದು. ಗುಣಾತ್ಮಕ ಸಂಶೋಧನೆ ಎಂದರೆ ಅಂಕಿ ಅಂಶಗಳ ಬದಲು ಜನರ ಮಾತು, ಅನುಭವ, ನಡವಳಿಕೆಗಳನ್ನು ಆಧರಿಸಿದ್ದು. ಅಂಥ ಅಧ್ಯಯನಗಳು ಒಂದೇ ವಿಷಯದ ಮೇಲೆ ಐವತ್ತು ಇದ್ದರೆ, ಎಲ್ಲವೂ ಸೇರಿ ಏನು ಹೇಳುತ್ತವೆ ಎಂದು ತಿಳಿಯುವ ಬಗೆ ಇದು.

ಪ್ರಬಂಧಗಳ ಎರಡನೆಯ ಅಧ್ಯಾಯದಲ್ಲಿ ‘ಸಾಹಿತ್ಯ ಸಮೀಕ್ಷೆ’ ಎಂಬುದು ಹಿಂದಿನಿಂದಲೂ ಇದೆ. ಆದರೆ ಅಲ್ಲಿ ಕೈಗೆ ಸಿಕ್ಕಿದ ಪುಸ್ತಕ, ಮಾರ್ಗದರ್ಶಕರಿಗೆ ಪ್ರಿಯವಾದ ಪುಸ್ತಕಗಳೇ ಹೆಚ್ಚು. ಯಾವುದನ್ನು ಬಿಟ್ಟರು, ಏಕೆ ಬಿಟ್ಟರು ಎಂದು ಯಾರೂ ಕೇಳುತ್ತಿರಲಿಲ್ಲ. ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರು ವೈದ್ಯರು. ಬ್ರಿಟನ್ನಿನ ಆರ್ಚಿ ಕಾಕ್ರೇನ್ 1972ರಲ್ಲಿ ಬರೆದ ಪುಸ್ತಕ ಚಿಕಿತ್ಸೆಗಳಿಗೆ ಪುರಾವೆ ಎಲ್ಲಿ ಎಂದು ಕೇಳಿತು. ಅವರ ಹೆಸರಿನ ಸಂಸ್ಥೆ 1993ರಲ್ಲಿ ಹುಟ್ಟಿತು. ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿದ್ದ ತಾಯಂದಿರಿಗೆ ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟರೆ ಶಿಶುಗಳು ಉಳಿಯುತ್ತವೆ ಎಂಬುದನ್ನು ಸೂಚಿಸುವ ಮೊದಲ ಪ್ರಯೋಗ 1972ರಲ್ಲೇ ಪ್ರಕಟವಾಗಿತ್ತು. ಬಿಡಿಬಿಡಿಯಾಗಿದ್ದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ್ದು 1989ರ ಹೊತ್ತಿಗೆ. ನಡುವಿನ ವರ್ಷಗಳಲ್ಲಿ ಉಳಿಯಬಹುದಾಗಿದ್ದ ಎಷ್ಟೋ ಕೂಸುಗಳು ಉಳಿಯಲಿಲ್ಲ. ಆ ಸಂಸ್ಥೆಯ ಲಾಂಛನದಲ್ಲಿ ಇಂದಿಗೂ ಇರುವುದು ಆ ಪ್ರಯೋಗಗಳ ರೇಖೆಗಳೇ.

ಸಂಖ್ಯೆಗಳನ್ನಾದರೆ ಕೂಡಿಸಬಹುದು, ಮಾತುಗಳನ್ನು ಕೂಡಿಸುವುದು ಹೇಗೆ? ಅಮೆರಿಕದ ಶಿಕ್ಷಣ ಸಂಶೋಧಕರಾದ ಜಾರ್ಜ್ ನೋಬ್ಲಿಟ್ ಮತ್ತು ಡ್ವೈಟ್ ಹೇರ್ 1988ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಕೂಡಿಸಬೇಡಿ, ಅನುವಾದಿಸಿ ಎಂಬುದು ಅವರ ಸಲಹೆಯ ಸಾರ. ಒಂದು ಅಧ್ಯಯನದ ಪರಿಕಲ್ಪನೆ ಇನ್ನೊಂದರಲ್ಲಿ ಯಾವ ಹೆಸರಿನಲ್ಲಿದೆ, ಎಲ್ಲಿ ಪರಸ್ಪರ ಒಪ್ಪುತ್ತವೆ, ಎಲ್ಲಿ ಜಗಳವಾಡುತ್ತವೆ ಎಂದು ನೋಡಬೇಕು. ಉದಾಹರಣೆಗೆ ಆಶಾ ಕಾರ್ಯಕರ್ತೆಯರನ್ನು ಕುರಿತ ಮೂರು ಅಧ್ಯಯನಗಳಿವೆ ಎಂದುಕೊಳ್ಳಿ. ಒಂದರಲ್ಲಿ ‘ಗೌರವ’ ಎಂದಿದೆ, ಇನ್ನೊಂದರಲ್ಲಿ ‘ಊರಲ್ಲಿ ಹೆಸರು ಬಂತು’, ಮತ್ತೊಂದರಲ್ಲಿ ‘ಡಾಕ್ಟರೂ ನಮ್ಮ ಮಾತು ಕೇಳ್ತಾರೆ’. ಮೊದಲ ಎರಡು ಒಂದೇ ಚೀಟಿಕಟ್ಟಿಗೆ ಸೇರಬಹುದು. ಮೂರನೆಯದು? ಊರು ಕೊಡುವ ಗೌರವ ಬೇರೆ, ಆಸ್ಪತ್ರೆಯೊಳಗೆ ದೊರೆಯುವ ಸ್ಥಾನ ಬೇರೆ. ಎರಡನ್ನೂ ‘ಗೌರವ’ ಎಂದು ಕಟ್ಟಿಬಿಟ್ಟರೆ ಆ ಹೆಂಗಸು ಹೇಳಿದ್ದು ಕಳೆದುಹೋಗುತ್ತದೆ.

ವಿದ್ಯಾರ್ಥಿಗಳು ಕಲಿಯಲು ಹೆಣಗುವುದು ಇದನ್ನೇ. ಪ್ರಶ್ನೆಯನ್ನು ಮೊದಲೇ ಬರೆದಿಡುವುದು, ಸೇರಿಸುವ ಮತ್ತು ಕೈಬಿಡುವ ನಿಯಮಗಳನ್ನು ಗೊತ್ತುಮಾಡುವುದು, ಇಬ್ಬರು ಬೇರೆ ಬೇರೆಯಾಗಿ ಓದಿ ಆಯ್ಕೆಗಳನ್ನು ಹೋಲಿಸುವುದು ಇವೆಲ್ಲ ಶಿಸ್ತಿನ ವಿಷಯ, ತಿಂಗಳೆರಡರಲ್ಲಿ ರೂಢಿಯಾಗುತ್ತದೆ. ಸಾವಿರಾರು ಶೀರ್ಷಿಕೆಗಳನ್ನು ಜಾಲಿಸಿ ಕೊನೆಗೆ ಕೆಲವೇ ಡಜನ್ ಅಧ್ಯಯನ ಉಳಿಯುವ ಬೇಸರವನ್ನೂ ತಡೆದುಕೊಳ್ಳಬಹುದು. ವಿಂಗಡಣೆಯ ವಿವೇಕಕ್ಕೆ ಮಾತ್ರ ಸೂತ್ರವಿಲ್ಲ.

ಇದರಿಂದ ಪ್ರಯೋಜನವೇನು ಎನ್ನುವವರು 2013ರ ಒಂದು ಪರಾಮರ್ಶೆಯನ್ನು ನೋಡಬಹುದು. ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ಮೊದಲ ಗುಣಾತ್ಮಕ ಪರಾಮರ್ಶೆ ಅದು. ವಿಷಯ, ತಾಯಿ–ಮಕ್ಕಳ ಆರೋಗ್ಯಕ್ಕಾಗಿ ದುಡಿಯುವ, ವೈದ್ಯಕೀಯ ಪದವಿಯಿಲ್ಲದ ಕಾರ್ಯಕರ್ತರು. ನಮ್ಮಲ್ಲಿ 2005ರಿಂದ ಇರುವ ಆಶಾ ಕಾರ್ಯಕರ್ತೆಯರಂಥವರು. 53 ಅಧ್ಯಯನಗಳನ್ನು ಸೇರಿಸಿಕೊಂಡ ಅದು, ಇವರು ತಮ್ಮಂತೆಯೇ ಇರುವವರೆಂಬ ಕಾರಣಕ್ಕೆ ಜನ ಮೆಚ್ಚುತ್ತಾರೆ ಎಂಬುದನ್ನೂ, ಸಂಬಳ ಮತ್ತು ಪ್ರೋತ್ಸಾಹಧನದ ವಿಷಯದಲ್ಲಿ ಕಾರ್ಯಕರ್ತರಿಗಿರುವ ಅಸಮಾಧಾನವನ್ನೂ ದಾಖಲಿಸಿತು. ಒಬ್ಬಿಬ್ಬರು ಹೇಳಿದರೆ ಗೊಣಗಾಟ ಎನ್ನುವ ಅಧಿಕಾರಿಗಳಿಗೆ ಇಷ್ಟು ಅಧ್ಯಯನಗಳು ಹೇಳಿದ್ದನ್ನು ತಳ್ಳಿಹಾಕುವುದು ಕಷ್ಟ. ಅಂಥ ತೀರ್ಮಾನಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ದರ್ಜೆ ಹಾಕುವ ವಿಧಾನವೂ 2015ರಲ್ಲಿ ಬಂದಿತು.

ಆಕ್ಷೇಪಣೆಗಳೂ ಇಲ್ಲದಿಲ್ಲ. ಮಂಡ್ಯದ ಹಳ್ಳಿಯ ಮಾತನ್ನು ಮಲಾವಿಯ ಮಾತಿನೊಂದಿಗೆ ಜೋಡಿಸಿದರೆ ಎರಡರ ನೆಲವೂ ಹೋಗುತ್ತದೆ ಎನ್ನುವವರಿದ್ದಾರೆ. ಮಾತಿನಲ್ಲಿ ಸತ್ಯವಿದೆ. ಪರಿಷತ್ತಿನ ನಿಘಂಟು ಮಾಡಿದಂತೆ ಪ್ರಯೋಗದ ವಾಕ್ಯವನ್ನು ಉಳಿಸಿಕೊಂಡರೆ ಈ ಹಾನಿ ಕಡಿಮೆ.

ಇದಕ್ಕಿಂತ ಗಂಭೀರವಾದದ್ದು ಭಾಷೆಯ ತೊಡಕು. ಅಂತರರಾಷ್ಟ್ರೀಯ ದತ್ತಸಂಚಯಗಳಲ್ಲಿ ದೊರೆಯುವುದು ಬಹುಪಾಲು ಇಂಗ್ಲಿಷ್. ಕನ್ನಡದಲ್ಲಿ ಬರೆದ ಪ್ರಬಂಧ, ಕನ್ನಡ ನಿಯತಕಾಲಿಕೆಯ ಕ್ಷೇತ್ರಾಧ್ಯಯನ ಅಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಗಳ ನಂತರ ಪಿಎಚ್.ಡಿ. ಪ್ರಬಂಧಗಳನ್ನು ‘ಶೋಧಗಂಗಾ’ ಭಂಡಾರಕ್ಕೆ ಸೇರಿಸುವ ಪರಿಪಾಠ ಬಂದಿದೆ. ಕನ್ನಡ ಪ್ರಬಂಧಗಳೂ ಅಲ್ಲಿವೆ. ಆದರೆ ಶೀರ್ಷಿಕೆ ಒಮ್ಮೆ ಕನ್ನಡ ಲಿಪಿಯಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ, ಅದೂ ಒಬ್ಬೊಬ್ಬರು ಒಂದೊಂದು ಬಗೆಯ ಕಾಗುಣಿತದಲ್ಲಿ. ಬೆಂಗಳೂರಿನ ವಿದ್ಯಾರ್ಥಿ ಎಲ್ಲ ರೂಪಗಳನ್ನೂ ಪಟ್ಟಿಮಾಡಿಕೊಂಡು ಹುಡುಕದಿದ್ದರೆ ಹೊರದೇಶದವರು ಹುಡುಕುವ ಸಂಭವ ಕಡಿಮೆ.

ಪರಾಮರ್ಶೆ ಒಮ್ಮೆ ಮುಗಿದರೆ ಮುಗಿಯಿತು ಎಂದೂ ಇಲ್ಲ. ಹೊಸ ಅಧ್ಯಯನ ಬಂದಂತೆ ತಿದ್ದಬೇಕು. ಆರ್. ನರಸಿಂಹಾಚಾರ್ಯರು ಎಸ್.ಜಿ. ನರಸಿಂಹಾಚಾರ್ಯರೊಂದಿಗೆ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ ತಂದದ್ದು 1907ರಲ್ಲಿ. ಎರಡನೆಯದು 1919ರಲ್ಲಿ ಬಂತು. ಮೂರನೆಯದು 1929ರಲ್ಲಿ ಹೊರಬರುವ ಮೊದಲೇ, 1924ರಲ್ಲಿ, ಮೊದಲನೆಯದನ್ನು ಪರಿಷ್ಕರಿಸಿ ಮತ್ತೆ ಅಚ್ಚು ಹಾಕಿಸಬೇಕಾಗಿ ಬಂದಿತ್ತು.